ಕಾರಿಗೆ ಬೇರೆ ವೀಲ್ ಹಾಕಿಸುವ ಮುಂಚೆ

ಕಳೆದ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಂಡಿಗೆ ಇಳಿದು ನಮ್ಮ ಕ್ರೆಟಾದ ಅಲಾಯ್ ವೀಲ್ ಬಿರುಕು ಬಿಟ್ಟಿತು. ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಇನ್ನೋವಾ ಕ್ರಿಸ್ಟಾದ ಹಳೇ ಸೆಟ್ ತೋರಿಸಿ, "ಐದು ಬೋಲ್ಟೂ ಕೂರುತ್ತೆ ಸಾರ್" ಎಂದರು.

ಬೋಲ್ಟ್ ಅಳತೆ ಒಂದೇ, ನಿಜ. ಎರಡೂ 5×114.3, ಅಂದರೆ 114.3 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್. ಆದರೆ ನಡುವಿನ ತೂತು ನೋಡಬೇಕಲ್ವಾ? ಕ್ರೆಟಾಗೆ 67.1 ಮಿ.ಮೀ. ಬೇಕು, ಟೊಯೊಟಾ ಇನ್ನೋವಾದ್ದು 60.1. ಹಬ್ (ವೀಲ್ ಕೂರುವ, ಕಾರಿನ ಕಡೆಯ ನಡುಭಾಗ) ಮೇಲೆ ಕೂರುವುದೇ ಇಲ್ಲ. ತೂತು ದೊಡ್ಡದಿದ್ದರೆ ನಡುವಿನ ಸಂದು ತುಂಬುವ ಸರಿಯಾದ ಹಬ್ ರಿಂಗ್ ಹಾಕಬಹುದು. ಚಿಕ್ಕದಿದ್ದರೆ "ಕೊರೆದು ಕೊಡ್ತೀವಿ" ಅಂದರೂ ದಯವಿಟ್ಟು ಒಪ್ಪಬೇಡಿ. ಮನೆಮಂದಿಯೆಲ್ಲ ಕೂರುವ ಗಾಡಿ ಅದು.

ಆಮೇಲೆ ಆಫ್‌ಸೆಟ್, ಅಂದರೆ ವೀಲಿನ ಅಗಲದ ನಡುಗೆರೆಯಿಂದ ಅದು ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ದೂರ ಅನ್ನುವುದು. ವೀಲಿನ ಮೇಲೆ 'ಇಟಿ' ಅಂತ ಸಂಖ್ಯೆ ಇರುತ್ತದೆ. ಅದು ಕಡಿಮೆಯಾದಷ್ಟೂ ವೀಲ್ ಹೊರಗೆ ಚಾಚುತ್ತದೆ, ಬೇರಿಂಗ್ ಮೇಲೆ ಭಾರ ಜಾಸ್ತಿ. ತುಂಬಾ ಹೆಚ್ಚಾದರೆ ಒಳಗಡೆ ಸಸ್ಪೆನ್ಷನ್‌ಗೆ ತಾಗಬಹುದು. ಕಂಪನಿ ಕೊಟ್ಟ ಸಂಖ್ಯೆಗೆ ಹತ್ತಿರವೇ ಇರಲಿ.

ಸುಮ್ನೆ ಅಂದಕ್ಕೆ 18 ಇಂಚಿಗೆ ಹೋಗುವವರು ಟೈರಿನ ಪಕ್ಕದ ಗೋಡೆಯ ಎತ್ತರವನ್ನೂ ತಗ್ಗಿಸಬೇಕು. 215/60 ಆರ್17 (ಅಗಲ 215 ಮಿ.ಮೀ., ಗೋಡೆಯ ಎತ್ತರ ಅದರ ಶೇ. 60, ವೀಲ್ 17 ಇಂಚು) ಇದ್ದರೆ 215/55 ಆರ್18. ಆಗ ಒಟ್ಟು ವ್ಯಾಸ ಸುಮಾರು 690 ಮಿ.ಮೀ. ಆಸುಪಾಸಿನಲ್ಲೇ ಉಳಿಯುತ್ತದೆ, ಸ್ಪೀಡೋಮೀಟರ್ ಹೆಚ್ಚು ತಪ್ಪು ತೋರಿಸುವುದಿಲ್ಲ. ನಮ್ಮ ಘಾಟಿ, ತೋಟದ ರಸ್ತೆಗಳಿಗೆ ದಪ್ಪ ಅಂಚಿನ 17 ಇಂಚೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ನಟ್ಟಿನ ಬುಡ ಚೂಪೋ, ಗುಂಡೋ, ಚಪ್ಪಟೆಯೋ, ಅದೂ ವೀಲಿಗೆ ಹೊಂದಬೇಕು. ಹಾಕಿಸಿದ ಮೇಲೆ ಸುಮಾರು 100 ಕಿ.ಮೀ. ಓಡಿಸಿ, ಟಾರ್ಕ್ ರೆಂಚ್‌ನಲ್ಲಿ (ಬಿಗಿ ಅಳೆಯುವ ಸ್ಪ್ಯಾನರ್) ಮತ್ತೊಮ್ಮೆ ಬಿಗಿ ನೋಡಿಸಿ.