ಪ್ಲ್ಯಾನಿಗೆ ಒಪ್ಪಿಗೆ ಕೊಡುವವರಿಗೂ ಒಪ್ಪಿಗೆ ಬೇಕು

ನ್ಯೂಜಿಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ಮನೆ ಪ್ಲ್ಯಾನ್ ಪರಿಶೀಲಿಸುವುದು ನನ್ನ ಕೆಲಸ. ನಮ್ಮ ಆಫೀಸು ಈ ಕೆಲಸಕ್ಕೆ ಯೋಗ್ಯ ಎಂಬ ಮಾನ್ಯತೆಗೆ, ಅಂದರೆ ಅಕ್ರೆಡಿಟೇಷನ್‌ಗೆ, ಬೇಕಾದ ತಯಾರಿಯನ್ನೂ ನಾನೇ ನೋಡಿಕೊಳ್ಳುತ್ತೇನೆ. 'ನಮ್ಮ ಪ್ಲ್ಯಾನ್ ಸ್ಯಾಂಕ್ಷನ್ ಆಫೀಸ್ ಥರ ಅಲ್ವಾ?' ಎಂದು ಊರಿನವರು ಕೇಳುತ್ತಾರೆ. ಹೆಚ್ಚುಕಮ್ಮಿ ಹಾಗೇ. ಆದರೆ ಇಲ್ಲಿ ಆಫೀಸಿಗೇ ಮೊದಲು ಪರೀಕ್ಷೆ.

ಇದಕ್ಕೆ ಕಾರಣ ಸೋರುವ ಮನೆಗಳು. 1990ರ ದಶಕದಲ್ಲಿ ಕಟ್ಟಿದ ಸಾವಿರಾರು ಮನೆಗಳ ಗೋಡೆಯೊಳಗೆ ನೀರು ನುಗ್ಗಿ ಮರ ಕೊಳೆಯಿತು. ಆಗ ಖಾಸಗಿ ಸರ್ಟಿಫೈಯರ್‌ಗಳೂ ಒಪ್ಪಿಗೆ ಕೊಡಬಹುದಿತ್ತು. ಆಮೇಲೆ 2004ರ ಕಟ್ಟಡ ಕಾಯ್ದೆ ಬಂತು. ಈಗ ಪ್ಲ್ಯಾನಿಗೆ ಒಪ್ಪಿಗೆ ಕೊಡುವ ಆಫೀಸನ್ನು ಐಎಎನ್‌ಝಡ್ ಎಂಬ ಮಾನ್ಯತಾ ಸಂಸ್ಥೆ ಬಂದು ಪರೀಕ್ಷಿಸಿ ಅಕ್ರೆಡಿಟೇಷನ್ ಕೊಡಬೇಕು. ಅದು ಸಿಕ್ಕ ಮೇಲೆ ಕಟ್ಟಡ ವಿಷಯ ನೋಡಿಕೊಳ್ಳುವ ಎಂಬಿಐಇ ಸಚಿವಾಲಯ ನೋಂದಣಿ ಮಾಡುತ್ತದೆ. ಕೌನ್ಸಿಲ್ ಅಲ್ಲದವರು ನೋಂದಾಯಿಸಿಕೊಳ್ಳಬೇಕಾದರೆ, ನಾಳೆ ಕೇಸು ಬಿದ್ದರೆ ದುಡ್ಡು ಕಟ್ಟುವ ತಾಕತ್ತನ್ನೂ ತೋರಿಸಬೇಕು.

ಇದೆಲ್ಲ ಬರೀ ಹೆಸರಿಗೆ ಅಲ್ಲ. 2013ರಲ್ಲಿ ಕ್ರೈಸ್ಟ್‌ಚರ್ಚ್ ನಗರ ಕೌನ್ಸಿಲ್ ಅಕ್ರೆಡಿಟೇಷನ್ ಕಳೆದುಕೊಂಡಿತು. ಅದೂ ಭೂಕಂಪದ ನಂತರ ಊರೇ ಮತ್ತೆ ಕಟ್ಟುತ್ತಿದ್ದ ಹೊತ್ತಿನಲ್ಲಿ.

ಈ ಪರೀಕ್ಷೆಗೆ ತಯಾರಾಗುವಾಗ ಹೊಸಬರು ಮೊದಲು ಆಫೀಸಿನ ಕೆಲಸದ ವಿಧಾನ ಬರೆದಿಟ್ಟ ಮ್ಯಾನ್ಯುಯಲ್ ತಿದ್ದಲು ಕೂರುತ್ತಾರೆ. ನಾನು ಹಳೆ ಫೈಲುಗಳಿಂದ ಶುರು ಮಾಡುತ್ತೇನೆ. ಪರೀಕ್ಷಕರಿಗೂ ಬೇಕಾಗಿರುವುದು ಅದೇ. ಕಾಯ್ದೆಯ ಪ್ರಕಾರ ಪ್ಲ್ಯಾನ್ ಕಟ್ಟಡ ನಿಯಮಗಳಿಗೆ ಹೊಂದುತ್ತದೆ ಎಂದು ಒಪ್ಪಿಗೆ ಕೊಡುವವರಿಗೆ ತಕ್ಕ ಆಧಾರದ ಮೇಲೆ ಮನವರಿಕೆಯಾಗಿರಬೇಕು. ಆ ಆಧಾರ ಫೈಲಿನಲ್ಲಿ ಕಾಣಬೇಕು. ಉದಾಹರಣೆಗೆ, ಹೊರಗೋಡೆಯ ಮಳೆನೀರಿನ ನಿಯಮ ಇ2. ಚೆಕ್‌ಲಿಸ್ಟ್‌ನಲ್ಲಿ ಸುಮ್ನೆ ಟಿಕ್ ಹಾಕಿದ್ದರೆ ನಾನು ಫೈಲ್ ವಾಪಸ್ ಕೊಡುತ್ತೇನೆ. ಗಾಳಿ, ಮಹಡಿ, ಹೊರಗೆ ಚಾಚಿದ ಸೂರಿನ ಅಗಲ ಎಲ್ಲ ಸೇರಿಸಿ ಆ ಗೋಡೆಯ ಅಪಾಯದ ಅಂಕ ಎಷ್ಟು ಬಂತು? 20 ದಾಟಿದ್ದರೆ ಸರ್ಕಾರ ಮೊದಲೇ ಪ್ರಕಟಿಸಿದ ಸಿದ್ಧ ಪರಿಹಾರ ಲೆಕ್ಕಕ್ಕಿಲ್ಲ, ವಿಶೇಷ ಡಿಸೈನ್ ಬೇಕು. ಹಾಗಾದರೆ ಅದನ್ನು ಯಾರು ನೋಡಿದರು, ಯಾಕೆ ಒಪ್ಪಿದರು? ಎರಡು ಸಾಲು ಬರೆದರೆ ಸಾಕು. ಆ ಎರಡು ಸಾಲು ಬರೆಸುವುದೇ ದೊಡ್ಡ ಪಾಡು, ಅನುಭವಿಗಳ ಕೈಯಲ್ಲಂತೂ ಇನ್ನೂ ಕಷ್ಟ!

ಅರ್ಜಿಯ ಬಗ್ಗೆ ತೀರ್ಮಾನಿಸಲು ಇರುವ 20 ಕೆಲಸದ ದಿನಗಳ ಗಡುವನ್ನೂ ಪರೀಕ್ಷಕರು ನೋಡುತ್ತಾರೆ. ಅರ್ಜಿದಾರರಿಂದ ಹೆಚ್ಚಿನ ಮಾಹಿತಿ ಕೇಳಿದರೆ ಗಡಿಯಾರ ನಿಲ್ಲುತ್ತದೆ. ದಿನ ಉಳಿಸಲು ಸುಳ್ಳುಸುಳ್ಳೇ ಪ್ರಶ್ನೆ ಕಳಿಸುವ ಚಾಳಿ ನನಗೆ ಹಿಡಿಸುವುದಿಲ್ಲ. ಹಾಗಾಗಿ ಕಳಿಸಿದ ಪ್ರಶ್ನೆಗಳನ್ನೂ ಆಗಾಗ ತೆಗೆದು ಓದುತ್ತೇನೆ.

ಇನ್ನು ಸಿಬ್ಬಂದಿ ಸಾಮರ್ಥ್ಯದ ಪಟ್ಟಿ. ಮನೆಗಳಿಗೆ ಆರ್1ರಿಂದ ಆರ್3, ವಾಣಿಜ್ಯ ಕಟ್ಟಡಗಳಿಗೆ ಸಿ1ರಿಂದ ಸಿ3 ಎಂಬ ಹಂತಗಳಿವೆ; ಅಂಕಿ ಏರಿದಂತೆ ಕಟ್ಟಡ ಹೆಚ್ಚು ಜಟಿಲ. ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಸಾಮರ್ಥ್ಯ ಅಳೆಯಬೇಕು. ಆರ್2 ಹಂತದವರ ಕೈಗೆ ಆರ್3 ಫೈಲ್ ಹೋಗಿದ್ದರೆ ಮೇಲ್ವಿಚಾರಣೆ ಮಾಡಿದವರ ಹೆಸರು ಅಲ್ಲೇ ಇರಬೇಕು. ಯಾರಾದರೂ ಲಾಂಗ್ ಲೀವ್ ಹಾಕಿದಾಗ ಮೊದಲು ಹದಗೆಡುವುದು ಈ ಹಂಚಿಕೆಯೇ. ಅದಕ್ಕೇ ರಜೆಪಟ್ಟಿಯನ್ನೂ ಸಾಮರ್ಥ್ಯದ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಇಟ್ಟಿದ್ದೇನೆ. ಕೆಲಸ ಹಂಚುವವರು ಅದನ್ನು ನೋಡದೆ ಫೈಲ್ ಕೊಡುವ ಹಾಗಿಲ್ಲ.