ಎ320ರ ಮೇನ್ ವೀಲ್ ಬದಲಾವಣೆ: ಬೇರಿಂಗ್ ಕೂರಿಸುವುದು, ಒತ್ತಡ ನೋಡುವುದು

ಏರ್‌ಬಸ್ ಎ320 ವಿಮಾನದ ಮೇನ್ ವೀಲ್ (ರೆಕ್ಕೆಯ ಕೆಳಗಿನ ದೊಡ್ಡ ಚಕ್ರ) ಒಂದನ್ನು ಬಿಚ್ಚಿ ಇನ್ನೊಂದು ಹಾಕುವುದಕ್ಕೆ ಕೈಪಳಗಿದ ಮೂರು ಜನರಿದ್ದರೆ ಮುಕ್ಕಾಲು ಗಂಟೆ ಸಾಕು. ಭಾರ ಎತ್ತುವುದು, ನಟ್ ಬಿಚ್ಚುವುದು ಬೇಗ ಕಲಿಯುವ ಕೆಲಸ. ಮುಂದೆ ತೊಂದರೆ ಕೊಡುವುದು ಕಣ್ಣಿಗೆ ಕಾಣದ ಎರಡು ಸಂಗತಿ. ಒಂದು, ಬೇರಿಂಗ್ ಸರಿಯಾಗಿ ಕೂತಿದೆಯೇ ಎಂಬುದು. ಇನ್ನೊಂದು, ಗೇಜು ತೋರಿಸುವ ಟೈರಿನ ಒತ್ತಡವನ್ನು ನಂಬಬಹುದೇ ಎಂಬುದು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ವಿಮಾನ ನಿಲ್ಲಿಸುವ ಜಾಗಗಳಲ್ಲಿ, ರಾತ್ರಿ ಪಾಳಿಯಲ್ಲಿ ನಾನು ಈ ಕೆಲಸ ಮಾಡುವ ಕ್ರಮ ಹೀಗಿದೆ. ಟಾರ್ಕ್ (ನಟ್ ತಿರುಗಿಸಿ ಬಿಗಿಮಾಡುವ ಬಲ) ಅಂಕಿಗಳನ್ನು ಇಲ್ಲಿ ಬರೆದಿಲ್ಲ. ವೀಲ್ ತಯಾರಿಸಿದ ಕಂಪನಿ ಬದಲಾದರೆ ಅವೂ ಬದಲಾಗುತ್ತವೆ. ಅವನ್ನು ಆ ವಿಮಾನದ ಮ್ಯಾನ್ಯುಯಲ್ ತೆರೆದೇ ನೋಡಬೇಕು, ನೆನಪಿನಿಂದ ಹಾಕಬಾರದು.

ಮೊದಲು ಬೆಂಗಳೂರಿನ ಮಾತು. ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಕಾಕ್‌ಪಿಟ್‌ನಲ್ಲಿ 140 ನಾಟ್ (ಗಂಟೆಗೆ ನಾಟಿಕಲ್ ಮೈಲಿ) ಎಂದು ಕಾಣುವ ವೇಗ 30 ಡಿಗ್ರಿ ಬಿಸಿಲಿನಲ್ಲಿ ನಿಜಕ್ಕೂ ಸುಮಾರು 152 ನಾಟ್ ಆಗಿರುತ್ತದೆ. ಅದೇ ಬಿಸಿಲಿನಲ್ಲಿ ಚೆನ್ನೈಯಲ್ಲಿ ಅದು ಸುಮಾರು 144. ತೂಕ ಒಂದೇ ಆಗಿದ್ದರೂ ಬ್ರೇಕು ನುಂಗಬೇಕಾದ ಶಕ್ತಿ ಇಲ್ಲಿ ಶೇ. 11ರಷ್ಟು ಹೆಚ್ಚು. ಹಾಗಾಗಿ ವಿಮಾನ ಬಂದು ನಿಂತ ಕೂಡಲೇ ಗೇಜು ಹಿಡಿದು ಓಡುವುದರಲ್ಲಿ ಅರ್ಥವಿಲ್ಲ. ಇಳಿದು ಕನಿಷ್ಠ ಮೂರು ಗಂಟೆ ಕಳೆದ ಮೇಲಿನ ಒತ್ತಡವೇ ಲೆಕ್ಕಕ್ಕೆ ಬರುವ ಒತ್ತಡ. ಬಿಸಿ ಟೈರಿನಲ್ಲಿ ಗೇಜು ಹೆಚ್ಚು ತೋರಿಸುತ್ತದೆ ಎಂದು ಗಾಳಿ ಬಿಟ್ಟರೆ ಬೆಳಗಿನ ಹೊತ್ತಿಗೆ ಟೈರು ಮೆತ್ತಗಾಗಿರುತ್ತದೆ. ಬ್ರೇಕು ಕಾದಿರುವಾಗ ಚಕ್ರದ ಮಗ್ಗುಲಿಗೆ ಹೋಗಲೇಬಾರದು. ಹತ್ತಿರ ಹೋಗಲೇಬೇಕೆಂದರೆ ಮುಂದಿನಿಂದಲೋ ಹಿಂದಿನಿಂದಲೋ ಹೋಗಬೇಕು. ಟೈರು ಸಿಡಿದರೆ, ರಿಮ್ಮು ಒಡೆದರೆ ಚೂರು ಹಾರುವುದು ಪಕ್ಕಕ್ಕೇ.

ಟೈರು ಯಾವಾಗ ತೆಗೆಯಬೇಕು? ಸವೆತ ಟೈರಿನ ಮೇಲಿನ ತೋಡುಗಳ ತಳ ಮುಟ್ಟಿದರೆ, ಪದರದ ನೂಲು ಕಂಡರೆ, ಉಬ್ಬಿದ್ದರೆ, ಕೊಯ್ತದ ಆಳ ಮಿತಿ ಮೀರಿದರೆ, ಚಕ್ರ ಸಿಕ್ಕಿಬಿದ್ದು ಒಂದೇ ಕಡೆ ಚಪ್ಪಟೆಯಾಗಿ ಸವೆದಿದ್ದರೆ. ಕೊಯ್ತವನ್ನು ಬರಿಗಣ್ಣಿನಲ್ಲಿ ಅಂದಾಜು ಮಾಡದೆ ಆಳ ಅಳೆಯುವ ಗೇಜು ಇಳಿಸಿ ನೋಡುತ್ತೇನೆ. ಆದರೆ ಟೈರಿನಲ್ಲಿ ಒತ್ತಡ ತುಂಬಿರುವಾಗ ಅದರೊಳಗೆ ಚುಚ್ಚಿಕೊಂಡ ಮೊಳೆ, ತಗಡನ್ನು ಕೀಳುವುದಿಲ್ಲ. ಪಕ್ಕದ ಟೈರನ್ನೂ ನೋಡದೆ ಬಿಡುವುದಿಲ್ಲ. ಒಂದೇ ಆ್ಯಕ್ಸಲಿನ ಎರಡು ಟೈರುಗಳಲ್ಲಿ ಒಂದು ಮೆತ್ತಗಾದರೆ ಭಾರವೆಲ್ಲ ಜೋಡಿಯ ಮೇಲೆ ಬೀಳುತ್ತದೆ. ಒತ್ತಡ ಇರಬೇಕಾದ್ದರ ಶೇ. 80ಕ್ಕಿಂತ ಕೆಳಗಿಳಿದ ಟೈರಿನ ಮೇಲೆ ವಿಮಾನ ಓಡಿದ್ದರೆ ಜೋಡಿಯನ್ನೂ ತೆಗೆಯಬೇಕು, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ.

ಈಗ ಕೆಲಸ. ಚಕ್ರಗಳಿಗೆ ಎಡದಿಂದ ಬಲಕ್ಕೆ 1, 2, 3, 4 ಎಂದು ಸಂಖ್ಯೆ. ಯಾವ ಸಂಖ್ಯೆಯದು ಎಂದು ಟೆಕ್ ಲಾಗ್ (ವಿಮಾನದ ದೋಷ, ದುರಸ್ತಿ ಬರೆಯುವ ಪುಸ್ತಕ) ಓದಿ, ಚಕ್ರದ ಎದುರು ನಿಂತು ಇನ್ನೊಮ್ಮೆ ಹೇಳಿಕೊಳ್ಳುತ್ತೇವೆ. ಲ್ಯಾಂಡಿಂಗ್ ಗೇರಿಗೆ ಕೆಂಪು ಪಟ್ಟಿಯ ಸುರಕ್ಷತಾ ಪಿನ್ನುಗಳು, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಚಾಕ್, ಅಂದರೆ ಉರುಳದಂತೆ ತಡೆಯುವ ಬೆಣೆ. ಪಾರ್ಕಿಂಗ್ ಬ್ರೇಕು ಹಾಕಿರಬೇಕು. ಇದಕ್ಕೆ ಕಾರಣವಿದೆ. ಬ್ರೇಕಿನ ಒಳಗಿರುವ ತಿರುಗುವ ಕಾರ್ಬನ್ ತಟ್ಟೆಗಳ ಖಾಚುಗಳು ಚಕ್ರದೊಳಗಿನ ಕೀಲುಪಟ್ಟಿಗಳಿಗೆ ಕೂಡಿಕೊಂಡಿರುತ್ತವೆ. ಬ್ರೇಕು ಹಿಡಿದಿದ್ದರೆ ತಟ್ಟೆಗಳು ಇದ್ದ ಸಾಲಿನಲ್ಲೇ ನಿಲ್ಲುತ್ತವೆ. ಚಕ್ರ ಹೊರಗಿರುವಾಗ ಯಾರಾದರೂ ಬ್ರೇಕು ಬಿಟ್ಟರೆ ತಟ್ಟೆಗಳು ಆಚೀಚೆ ಜಾರಿ, ಹೊಸ ಚಕ್ರ ಒಳಗೆ ಹೋಗುವುದೇ ಇಲ್ಲ. ಆಗ ಅದನ್ನು ಭುಜಕೊಟ್ಟು ತಳ್ಳಿದರೆ ಕಾರ್ಬನ್ ಅಂಚು ಒಡೆಯುತ್ತದೆ. ಬ್ರೇಕು ಹಿಡಿದಿರುವಾಗಲೇ ಬ್ರೇಕಿನ ಸವೆತ ತೋರಿಸುವ ವೇರ್ ಪಿನ್ ಎಷ್ಟು ಉಳಿದಿದೆ ಎಂದು ನೋಡಿಬಿಡುವುದು ಒಳ್ಳೆಯದು.

ಗೇರಿನ ಬುಡದಲ್ಲಿ, ಎರಡು ಚಕ್ರಗಳ ನಡುವೆ ಜ್ಯಾಕಿಗೆ ಜಾಗವಿದೆ. ಹೊಸ ಟೈರು ಸವೆದದ್ದಕ್ಕಿಂತ ದಪ್ಪ ಎಂಬುದನ್ನು ನೆನಪಿಟ್ಟು ಎತ್ತಬೇಕು. ಹಳೆಯದು ನೆಲ ಬಿಟ್ಟಿತು ಎಂದು ಅಲ್ಲಿಗೇ ನಿಲ್ಲಿಸಿದರೆ ಹೊಸದು ಕೆಳಗೆ ತೂರುವುದಿಲ್ಲ. ಆದರೆ ಬೇಕಾದ್ದಕ್ಕಿಂತ ಮೇಲೆ ಎತ್ತಲೂ ಬಾರದು.

ಇನ್ನು ಟೈರಿನ ಒತ್ತಡ ಇಳಿಸುವುದು. ಆ್ಯಕ್ಸಲ್ ನಟ್ಟಿಗೆ ಕೈ ಹಾಕುವ ಮೊದಲೇ ಇದು ಆಗಬೇಕು. ವೀಲ್ ಎಂದರೆ ಟೈ ಬೋಲ್ಟುಗಳಿಂದ ಕೂಡಿಸಿದ ಎರಡು ಅರ್ಧಗಳು. ಒಳಗೆ 200 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸಿನ ಒತ್ತಡ. ಆ ಬೋಲ್ಟುಗಳು ಮುರಿದಿದ್ದರೆ ಎರಡು ಅರ್ಧಗಳನ್ನು ಹಿಡಿದಿರುವುದು ಆ ನಟ್ ಒಂದೇ. ಅದನ್ನು ಬಿಚ್ಚಿದ ಕ್ಷಣ ಹೊರಗಿನ ಅರ್ಧ ಎದುರಿಗಿದ್ದವರ ಮೇಲೆ ಬರುತ್ತದೆ. ಅದಕ್ಕೇ ಪ್ರತಿ ಸಲ ಬಾಯಿಬಿಟ್ಟು ಕೇಳುತ್ತೇನೆ: “ಪೂರ್ತಿ ಇಳೀತೇನಪ್ಪಾ?” “ಸೊನ್ನೆಗೆ ಬಂತು ಸರ್” ಎಂಬ ಮಾತು ಕಿವಿಗೆ ಬಿದ್ದ ಮೇಲೆ, ಗೇಜನ್ನು ನಾನೂ ನೋಡಿ, ಆಮೇಲೆ ಸ್ಪ್ಯಾನರು. ವಾಲ್ವಿನ ಒಳಗಿನ ತಿರುಳನ್ನು (ಕೋರ್) ಒಮ್ಮೆಲೇ ಬಿಚ್ಚಬಾರದು, ಗುಂಡಿನಂತೆ ಹಾರುತ್ತದೆ. ಇಳಿಸುವ ಟೂಲಿನಿಂದ ನಿಧಾನವಾಗಿ ಬಿಡಬೇಕು.

ಚಕ್ರದ ನಡುವಿನ ಮುಚ್ಚಳ, ಅಂದರೆ ಹಬ್ ಕ್ಯಾಪ್ ತೆಗೆದರೆ ಒಳಗೆ ಟ್ಯಾಕೋಮೀಟರಿನ ಕಪ್ಲಿಂಗ್ ಇರುತ್ತದೆ. ಚಕ್ರದ ವೇಗವನ್ನು ಆ್ಯಂಟಿ-ಸ್ಕಿಡ್‌ಗೆ (ಚಕ್ರ ಸಿಕ್ಕಿಬಿದ್ದು ಜಾರದಂತೆ ಬ್ರೇಕು ನಿಯಂತ್ರಿಸುವ ವ್ಯವಸ್ಥೆ) ಹೇಳುವುದು ಅದೇ. ಅದನ್ನು ತಟ್ಟಿ ಬಗ್ಗಿಸಬಾರದು. ಲಾಕ್ ಬೋಲ್ಟು, ನಟ್ ಬಿಚ್ಚಿ, ಆ್ಯಕ್ಸಲಿನ ಮರೆಗೆ (ನಟ್ ಕೂರುವ ತಿರುಪಿನ ಗೆರೆಗಳಿಗೆ) ರಕ್ಷಣಾ ಕವಚ ಹಾಕಿ, ಚಕ್ರವನ್ನು ಡಾಲಿ ಎಂಬ ತಳ್ಳುಗಾಡಿಯ ಮೇಲೆ ನೇರವಾಗಿ ಎಳೆಯಬೇಕು. ಚಕ್ರ, ಟೈರು ಸೇರಿ ನೂರು ಕಿಲೋ ಮೀರಿದ ಭಾರ. ಕವಚ ಹಾಕದೆ ಎಳೆದರೆ ಬೇರಿಂಗ್ ಅಂಚು ಮರೆಯನ್ನು ಕೆರೆಯುತ್ತದೆ. ಆಮೇಲೆ ನಟ್ ಹಾಕುವಾಗ ಟಾರ್ಕ್ ರೆಂಚು ಟಕ್ ಎನ್ನುವುದು ಆ ಗೀರಿನ ತಿಕ್ಕಾಟಕ್ಕೇ ಹೊರತು ಬೇರಿಂಗ್ ಬಿಗಿಯಾದದ್ದಕ್ಕಲ್ಲ.

ಹೊಸ ಚಕ್ರ ಹಾಕುವ ಮೊದಲು ಟಾರ್ಚು ಹಿಡಿದು ಬೇರಿಂಗ್ ನೋಡುತ್ತೇನೆ. ರೋಲರುಗಳ ನಡುವೆ ಗ್ರೀಸು ತುಂಬಿ ಒಂದೇ ಬಣ್ಣದಲ್ಲಿರಬೇಕು. ಬೆರಳಲ್ಲಿ ಉಜ್ಜಿದರೆ ಮರಳು ಸಿಗಬಾರದು. ರಬ್ಬರ್ ಸೀಲಿನ ತುಟಿ ಒಳಕ್ಕೆ ಮಡಚಿಕೊಂಡಿದ್ದರೆ ನೀರು ಒಳಗೆ ಹೋಗಿ ರೋಲರಿಗೆ ತುಕ್ಕು ಹಿಡಿಯುತ್ತದೆ. ಡಿಸೆಂಬರು, ಜನವರಿಯ ಮಂಜಿನಲ್ಲಿ ಬೆಳಗಿನ ಜಾವ ಇಡೀ ಗೇರು ನೀರಿಳಿಯುತ್ತಿರುತ್ತದೆ. ಆಗ ಬೇರಿಂಗನ್ನು ಕೊನೆಯ ಗಳಿಗೆಯವರೆಗೂ ಮುಚ್ಚಿಯೇ ಇಡಬೇಕು.

ಚಕ್ರ ಏರಿದ ಮೇಲೆ ಚಾಕ್ ಸರಿಯಿದೆಯೇ ನೋಡಿಕೊಂಡು ಪಾರ್ಕಿಂಗ್ ಬ್ರೇಕು ಬಿಡಿಸುತ್ತೇವೆ. ಏಕೆಂದರೆ ಇನ್ನು ಚಕ್ರ ತಿರುಗಬೇಕು. ಟಾರ್ಕ್ ಎರಡು ಹಂತದ್ದು. ಮೊದಲನೆಯದು ಹೆಚ್ಚಿನದು: ಒಬ್ಬರು ಚಕ್ರ ತಿರುಗಿಸುತ್ತಲೇ ಇರಬೇಕು, ಇನ್ನೊಬ್ಬರು ನಟ್ ಬಿಗಿಮಾಡಬೇಕು. ಕೋನಾಕಾರದ ರೋಲರುಗಳು ತಿರುಗಿದರಷ್ಟೇ ತಮ್ಮ ಜಾಗ ಹುಡುಕಿಕೊಂಡು ಕೂರುತ್ತವೆ. ನಿಂತ ಚಕ್ರಕ್ಕೆ ಟಾರ್ಕ್ ಹಾಕಿದರೆ ಅಂಕಿ ಬರುತ್ತದೆ, ಬೇರಿಂಗ್ ಮಾತ್ರ ಓರೆಯಾಗಿಯೇ ಉಳಿದಿರುತ್ತದೆ. ಎರಡು ಹಾರಾಟದಲ್ಲಿ ಅದು ಕೂತು ನಟ್ ಸಡಿಲವಾಗುತ್ತದೆ. ಮೊದಲ ಟಾರ್ಕ್ ಆದ ಮೇಲೆ ನಟ್ ಸಡಿಲಿಸಿ, ಚಕ್ರ ತಿರುಗಿಸುತ್ತಲೇ ಎರಡನೆಯ, ಕಡಿಮೆ ಟಾರ್ಕ್. ಇದನ್ನು ಬಿಟ್ಟು ಮೊದಲಿನ ಬಿಗಿಯಲ್ಲೇ ಲಾಕ್ ಮಾಡಿದರೆ ಬೇರಿಂಗ್ ಕಾದು ಗ್ರೀಸು ಸುಡುತ್ತದೆ. ಈ ಹಂತದಲ್ಲಿ ಫೋನು ಬಂದರೂ ಎತ್ತುವುದಿಲ್ಲ. ಮಧ್ಯದಲ್ಲಿ ನಿಂತರೆ ಮೊದಲ ಟಾರ್ಕಿನಿಂದಲೇ ಮತ್ತೆ ಶುರು. ಲಾಕ್ ಬೋಲ್ಟಿನ ರಂಧ್ರ ಕೂಡದಿದ್ದರೆ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೆ ಮಾತ್ರ ಸರಿಹೊಂದಿಸಬೇಕು.

ಟೈರಿಗೆ ತುಂಬುವುದು ನೈಟ್ರೋಜನ್ನೇ, ಒಳಗೆ ಆಮ್ಲಜನಕ ಶೇ. 5 ಮೀರಬಾರದು. 1986ರ ಮಾರ್ಚಿನಲ್ಲಿ ಮೆಕ್ಸಿಕೋದಲ್ಲಿ ಮಾಮೂಲಿ ಗಾಳಿ ತುಂಬಿದ ಬೋಯಿಂಗ್ 727ರ ಟೈರು, ಬ್ರೇಕು ಕಾದು ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ ಸ್ಫೋಟಿಸಿತು. ಸತ್ತವರು 167 ಜನ. ರಬ್ಬರು ಕಾದಾಗ ಬಿಡುವ ಅನಿಲಕ್ಕೆ ಆಮ್ಲಜನಕ ಸಿಕ್ಕರೆ ಹಾಗಾಗುತ್ತದೆ. ಒತ್ತಡ ಕಡಿಮೆಯಿದ್ದರೂ ಅಪಾಯ ಅಷ್ಟೇ ದೊಡ್ಡದು. 1991ರ ಜುಲೈಯಲ್ಲಿ ಜಿದ್ದಾದಿಂದ ಹೊರಟ ಡಿಸಿ-8, ಒತ್ತಡ ಕಡಿಮೆಯಿದ್ದ ಟೈರುಗಳಲ್ಲೇ ಓಡಿ, ಅವು ಹೊತ್ತಿ, 261 ಜನರನ್ನು ಬಲಿ ತೆಗೆದುಕೊಂಡಿತು. ಸಿಲಿಂಡರಿನ ಒತ್ತಡ ಟೈರಿನದಕ್ಕಿಂತ ಹತ್ತು ಪಟ್ಟು ಮೀರಿರುತ್ತದೆ, ಒತ್ತಡ ತಗ್ಗಿಸುವ ರೆಗ್ಯುಲೇಟರ್ ಸೆಟ್ ಮಾಡದೆ ಹೋಸು ಜೋಡಿಸಲೇಬಾರದು.

ಜ್ಯಾಕಿನ ಮೇಲಿರುವಾಗಿನ ಒತ್ತಡ, ಭಾರ ಬಿದ್ದ ಮೇಲಿನದಕ್ಕಿಂತ ಸುಮಾರು ಶೇ. 4 ಕಡಿಮೆ. ಇಳಿಸಿದ ಮೇಲೆ ಮತ್ತೆ ನೋಡಿ ಆ ಅಂಕಿಯನ್ನೇ ಬರೆಯುತ್ತೇನೆ. ಚಳಿಗಾಲದಲ್ಲಿ ಮುಂದಿನ ಊರೂ ಲೆಕ್ಕಕ್ಕೆ ಬರುತ್ತದೆ. ಮೂರು ಡಿಗ್ರಿಗೆ ಸುಮಾರು ಶೇ. 1 ಒತ್ತಡ ಇಳಿಯುತ್ತದೆ. ಇಲ್ಲಿ 28 ಡಿಗ್ರಿಯಲ್ಲಿ 200 ಇದ್ದದ್ದು ದೆಹಲಿಯ 6 ಡಿಗ್ರಿಯಲ್ಲಿ ರಾತ್ರಿ ನಿಂತರೆ 185ರ ಹತ್ತಿರ ಬರುತ್ತದೆ. ಅಲ್ಲಿನ ಹೊರಗಿನ ಒತ್ತಡ ನಮ್ಮಲ್ಲಿಗಿಂತ ಹೆಚ್ಚಿರುವುದರಿಂದ ಗೇಜಿನಲ್ಲಿ ಇನ್ನೊಂದು ಪಿಎಸ್‌ಐ ಕಡಿಮೆ. ಇದು ಸೋರಿಕೆಯಲ್ಲ. ಅಂಥ ಕಡೆ ಹೋಗುವ ವಿಮಾನಕ್ಕೆ ಮ್ಯಾನ್ಯುಯಲ್ ಬಿಡುವಷ್ಟು ಹೆಚ್ಚು ತುಂಬಿಯೇ ಕಳಿಸುತ್ತೇನೆ.

ಪಿನ್ನುಗಳನ್ನು ಎಣಿಸಿ ತೆಗೆದು, ಟೂಲು ಎಣಿಸಿ, ತೆಗೆದ ಮತ್ತು ಹಾಕಿದ ಚಕ್ರದ ಸೀರಿಯಲ್ ಸಂಖ್ಯೆ, ಟಾರ್ಕ್ ರೆಂಚಿನ ಸಂಖ್ಯೆ, ಒತ್ತಡ ಬರೆದ ಮೇಲೆ ಲೈಸೆನ್ಸ್ ಇರುವವರ ಸಹಿ. ವಿಮಾನ ಮಾರನೆಯ ರಾತ್ರಿ ಇಲ್ಲಿಗೇ ಮರಳಿದರೆ ಅದೇ ಚಕ್ರಕ್ಕೆ, ಟೈರು ತಣಿದ ಮೇಲೆ, ಇನ್ನೊಮ್ಮೆ ಗೇಜು ಹಾಕುತ್ತೇನೆ. ದಿನಕ್ಕೆ ಶೇ. 5ರೊಳಗೆ ಇಳಿದಿದ್ದರೆ ಮಾಮೂಲು. ಅದಕ್ಕಿಂತ ಹೆಚ್ಚಾಗಿದ್ದರೆ ವಾಲ್ವಿನ ಬಾಯಿಗೆ, ಫ್ಯೂಸ್ ಪ್ಲಗ್ಗುಗಳಿಗೆ (ಚಕ್ರ ಅತಿಯಾಗಿ ಕಾದರೆ ಕರಗಿ ಒತ್ತಡ ಬಿಡುವ ಬಿರಡೆಗಳು) ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕುವುದು.