ಕುರ್ಚಿಯಲ್ಲಿ ಕೂತು ಮಾಡುವ ವಿನ್ಯಾಸ

ಹೊಸ ರೆಸ್ಟೋರೆಂಟ್ ಮಾಡಿಸಬೇಕು ಎಂದು ಬರುವ ಮಾಲೀಕರು ಮೊದಲು ಫೋನ್ ತೆಗೆದು ಫೋಟೋ ತೋರಿಸುತ್ತಾರೆ. ಎಲ್ಲವೂ ಚೆಂದದ ಫೋಟೋಗಳೇ. ಆದರೆ ಹೆಚ್ಚಿನವು ಬಾಗಿಲ ಹತ್ತಿರ ನಿಂತು ತೆಗೆದವು, ಅದೂ ಖಾಲಿ ಕೋಣೆಯಲ್ಲಿ. ಊಟಕ್ಕೆ ಬಂದವರು ಹಾಗೆ ಬಾಗಿಲಲ್ಲಿ ನಿಂತು ನೋಡುವುದು ಎಷ್ಟು ಹೊತ್ತು? ಅರ್ಧ ನಿಮಿಷ ಇರಬಹುದು. ಆಮೇಲೆ ಒಂದು ಗಂಟೆಯೋ ಒಂದೂವರೆ ಗಂಟೆಯೋ ಕೂತೇ ಇರುತ್ತಾರೆ. ಅದಕ್ಕೇ ನನ್ನ ಒಳಾಂಗಣ ವಿನ್ಯಾಸದ ಕೆಲಸ ಶುರುವಾಗುವುದು ಕುರ್ಚಿಯಿಂದ. ನೋಡಿದವರು ಬೆರಗಾಗುವಂಥ ಒಳಾಂಗಣ ಖಂಡಿತ ಬೇಕು. ಆದರೆ ಆ ಬೆರಗು ಕೂತವರಿಗೆ ಸಿಗಬೇಕು.

ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 115–120 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಸೈಟ್ ಕೈಗೆ ಬಂದ ಕೂಡಲೇ ಸುತ್ತಲಿನ ಗೋಡೆಗೆ ಆ ಎತ್ತರದಲ್ಲಿ ಬಣ್ಣದ ಟೇಪ್ ಅಂಟಿಸುತ್ತೇನೆ. ಚಿತ್ರ ಎಲ್ಲಿ, ಕನ್ನಡಿ ಎಲ್ಲಿ, ಗೋಡೆಯ ಬಣ್ಣ ಎಲ್ಲಿ ಬದಲಾಗಬೇಕು ಎಂಬ ಮಾತೆಲ್ಲ ಆ ಟೇಪ್ ನೋಡಿಕೊಂಡೇ ನಡೆಯುತ್ತದೆ.

ಕನ್ನಡಿಯ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ವಿಯೆನ್ನಾದ ಅಮೆರಿಕನ್ ಬಾರ್. ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1908ರಲ್ಲಿ ಮಾಡಿದ್ದು. ಜಾಗ ಸುಮಾರು 27 ಚದರ ಮೀಟರ್, ಅಷ್ಟೇ. ಕನ್ನಡಿಗಳನ್ನು ಅವರು ಕಣ್ಣಿನ ಮಟ್ಟಕ್ಕಿಂತ ಮೇಲೆ ಕೂರಿಸಿದರು. ಹಾಗಾಗಿ ಅವುಗಳಲ್ಲಿ ಕಾಣುವುದು ಅಮೃತಶಿಲೆಯ ಚೌಕಗಳ ಚಾವಣಿ. ಗೋಡೆಯಾಚೆಗೂ ಕೋಣೆ ಮುಂದುವರಿದಿದೆ ಅನ್ನಿಸುತ್ತದೆ, ಆದರೆ ತಮ್ಮ ಮುಖ ಯಾರಿಗೂ ಕಾಣುವುದಿಲ್ಲ. ಚಿಕ್ಕ ಜಾಗ ಸಿಕ್ಕಾಗ ನಾನೂ ಹೀಗೇ ಮಾಡುತ್ತೇನೆ. ಊಟ ಮಾಡುವಾಗ ತನ್ನದೇ ಬಾಯಿ ಆಡುವುದನ್ನು ನೋಡುತ್ತಾ ಕೂರುವುದು ಯಾರಿಗೆ ಇಷ್ಟ?

ಅಳತೆಯಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಸೋಫಾಗೆ. ಕುರ್ಚಿಯ ಎತ್ತರ 45 ಸೆಂಟಿಮೀಟರ್, ಟೇಬಲ್ 75. ನಡುವಿನ ಈ 30 ಸೆಂಟಿಮೀಟರ್ ಕೈಗೆ ಸರಿಹೋಗುತ್ತದೆ. ಗೋಡೆಗೆ ತಾಗಿದ ಉದ್ದ ಸೋಫಾಗೂ ನಕ್ಷೆಯಲ್ಲಿ 45 ಎಂದೇ ಬರೆದಿರುತ್ತೇವೆ. ಆದರೆ ಮೆತ್ತನೆಯ ಫೋಮ್ ಹಾಕಿದರೆ ಕೂತವರು ಕೆಳಗಿಳಿದುಬಿಡುತ್ತಾರೆ, ಟೇಬಲ್ ಎದೆಯ ಹತ್ತಿರ ಬರುತ್ತದೆ. ಎದುರಿನ ಕುರ್ಚಿಯವರು ಮೇಲೆ, ಇವರು ಕೆಳಗೆ. ಹಾಗಾಗಿ ಬಡಗಿಯಿಂದ ಮೊದಲು ಒಂದೇ ಒಂದು ಸೀಟ್ ಮಾಡಿಸಿ, ತೆಳ್ಳಗಿನವರನ್ನೂ ದಪ್ಪಗಿನವರನ್ನೂ ಕೂರಿಸಿ ಅಳೆಯುತ್ತೇನೆ. ಗಟ್ಟಿ ಫೋಮ್ ಸಿಕ್ಕಿದ ಮೇಲೇ ಉಳಿದದ್ದಕ್ಕೆ ಆರ್ಡರ್.

ಇನ್ನು ಬೆಳಕು. ನನ್ನ ಸಮಯ ಹೆಚ್ಚು ಹೋಗುವುದು ಇಲ್ಲೇ. ತಲೆಯ ನೇರಕ್ಕೆ ಸೀಲಿಂಗ್ ಲೈಟ್ ಹಾಕಿದರೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಎಂಥ ಲಕ್ಷಣದ ಮುಖವೂ ದಣಿದಂತೆ ಕಾಣುತ್ತದೆ. ನಾನು ಬೆಳಕನ್ನು ಟೇಬಲ್ ಮೇಲೆ ಬೀಳಿಸುತ್ತೇನೆ. ಟೇಬಲ್‌ನಿಂದ ಹಿಂದಿರುಗಿದ ಬೆಳಕು, ಜೊತೆಗೆ ಪಕ್ಕದ ಗೋಡೆಯ ದೀಪ, ಇವೆರಡೂ ಸೇರಿ ಮುಖವನ್ನು ಬೆಳಗಬೇಕು. ಟೇಬಲ್ ಮೇಲ್ಮೈ ತೀರಾ ಕಪ್ಪಾದರೆ ಬೆಳಕನ್ನು ನುಂಗಿಬಿಡುತ್ತದೆ, ಅಲ್ಲಿ ಗೋಡೆಯ ದೀಪ ಹೆಚ್ಚಿಸಬೇಕಾಗುತ್ತದೆ. ತೂಗುದೀಪವನ್ನು ಟೇಬಲ್‌ನಿಂದ ಸುಮಾರು 80 ಸೆಂಟಿಮೀಟರ್ ಮೇಲೆ ಕಟ್ಟಿಸುತ್ತೇನೆ. ಬಲ್ಬ್ ಕಣ್ಣಿಗೆ ಹೊಡೆಯಬಾರದು, ಎದುರಿಗಿರುವವರ ಮುಖವೂ ಮರೆಯಾಗಬಾರದು. ಆದರೆ ಇದು ಜಾಗ ಬದಲಿಸದ ಟೇಬಲ್‌ಗೆ ಮಾತ್ರ. ಇಬ್ಬರು ಕೂರುವ ಚಿಕ್ಕ ಟೇಬಲ್‌ಗಳಾದರೆ, ನಾಲ್ಕು ಜನ ಬಂದಾಗ ಎರಡು ಟೇಬಲ್ ಜೋಡಿಸುತ್ತಾರೆ, ಆರು ಜನ ಬಂದರೆ ಮೂರು. ಆಗ ದೀಪ ಯಾರದೋ ತಲೆಗೆ ತಾಗುತ್ತದೆ. ಅಂಥ ಕಡೆ ಸೀಲಿಂಗ್‌ನ ಪಟ್ಟಿಯಲ್ಲಿ ಬೇಕಾದಲ್ಲಿಗೆ ಸರಿಸಬಹುದಾದ ಟ್ರ್ಯಾಕ್ ಲೈಟೇ ಸರಿ.

ಬಲ್ಬ್ 2700 ಕೆಲ್ವಿನ್‌ನ ಬೆಚ್ಚಗಿನ ಬಣ್ಣದ್ದು. ಬಣ್ಣಗಳನ್ನು ಸರಿಯಾಗಿ ತೋರಿಸುವ ಅಳತೆ, ಅಂದರೆ ಸಿಆರ್‌ಐ, 90ಕ್ಕಿಂತ ಮೇಲಿರಬೇಕು. ಕಡಿಮೆಯದು ಹಾಕಿದರೆ ತಟ್ಟೆಯಲ್ಲಿನ ಕೆಂಪು ಮಂಕಾಗುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇರಲೇಬೇಕು. ಮಧ್ಯಾಹ್ನದ ಬೆಳಕೇ ರಾತ್ರಿಗೂ ಇದ್ದರೆ ಕೋಣೆಗೆ ಜೀವವೇ ಇರುವುದಿಲ್ಲ. ಡಿಮ್ಮರ್ ಮತ್ತು ಬಲ್ಬ್ ಒಂದಕ್ಕೊಂದು ಹೊಂದುತ್ತವೆಯೇ ಎಂದು ಎಲೆಕ್ಟ್ರಿಷಿಯನ್ ಮುಂದೆಯೇ ಫೋನ್ ವಿಡಿಯೋ ಮಾಡಿ ನೋಡುತ್ತೇನೆ. ಕಣ್ಣಿಗೆ ಕಾಣದ ಮಿಣುಕು ಅದರಲ್ಲಿ ಎಷ್ಟೋ ಸಲ ಕಂಡುಬಿಡುತ್ತದೆ.

ಬಣ್ಣವೂ ಮುಖದ ಮೇಲೆ ಬೀಳುತ್ತದೆ. ಲಂಡನ್ನಿನ ಸ್ಕೆಚ್ ರೆಸ್ಟೋರೆಂಟ್ ಗೊತ್ತಲ್ವಾ? ಅದರ ಗ್ಯಾಲರಿ ಎಂಬ ಊಟದ ಕೋಣೆಯನ್ನು ವಿನ್ಯಾಸಕಿ ಇಂಡಿಯಾ ಮಹದಾವಿ 2014ರಲ್ಲಿ ಪೂರ್ತಿ ಗುಲಾಬಿ ಮಾಡಿದರು, ಗೋಡೆಯಿಂದ ವೆಲ್ವೆಟ್ ಕುರ್ಚಿಯವರೆಗೆ. 2022ರಲ್ಲಿ ಅದು ಹಳದಿಗೆ ತಿರುಗಿತು. ಎರಡೂ ಚರ್ಮಕ್ಕೆ ಕಳೆ ಕೊಡುವ ಬೆಚ್ಚಗಿನ ಬಣ್ಣಗಳು. ಕಡು ಹಸಿರು ಹಾಗಲ್ಲ. ಒಂದು ಮೀಟರ್ ಅಗಲದ ಪ್ಲೈವುಡ್‌ಗೆ ಆ ಬಣ್ಣ ಬಳಿದು, ಕೂತವರ ಕೆನ್ನೆಯ ಪಕ್ಕ ಹಿಡಿದು, ದೀಪ ಹಾಕಿ ನೋಡಿ. ಕೆನ್ನೆ, ಕತ್ತು ಎಲ್ಲ ಹಸಿರಿಗೆ ತಿರುಗುತ್ತವೆ. ಮಾಲೀಕರಿಗೆ ಹಸಿರೇ ಬೇಕು ಅಂದರೆ ಬೇಡ ಅನ್ನುವುದಿಲ್ಲ, ಸೀಟುಗಳಿಂದ ದೂರದ ಗೋಡೆಗೆ ಕೊಡುತ್ತೇನೆ.

ಒಂದು ಕೋಣೆಗೆ ಕಣ್ಣು ಸೆಳೆಯುವ ವಸ್ತು ಒಂದೇ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನ್ಯೂಯಾರ್ಕ್‌ನಲ್ಲಿ 1959ರಲ್ಲಿ ಶುರುವಾದ ಫೋರ್ ಸೀಸನ್ಸ್ ರೆಸ್ಟೋರೆಂಟ್‌ನಲ್ಲಿ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಕಿಟಕಿಗೆ ಬಟ್ಟೆಯ ಬದಲು ಲೋಹದ ಸರಪಳಿಗಳ ಪರದೆ ಹಾಕಿದ್ದರು. ಕಿಟಕಿಯ ಬುಡದಿಂದ ಬರುವ ಗಾಳಿಗೆ ಅವು ಅಲೆ ಅಲೆಯಾಗಿ ಅಲುಗುತ್ತಿದ್ದವು. ಕೂತ ಜಾಗದಿಂದ ಎಷ್ಟು ಹೊತ್ತು ನೋಡಿದರೂ ಸಾಕಾಗದ ವಸ್ತು ಅಂದರೆ ಅಂಥದ್ದು.

ಫೋಟೋದಲ್ಲಿ ಎಂದೂ ಸಿಗದ ಇನ್ನೊಂದು ವಿಷಯ ಸದ್ದು. ಬರಿಯ ಕಾಂಕ್ರೀಟ್, ಗಾಜು, ಟೈಲ್ಸ್, ಎತ್ತರದ ಚಾವಣಿ, ಈಗಿನ ಫ್ಯಾಷನ್ ಎಲ್ಲವೂ ಗಟ್ಟಿ ಮೇಲ್ಮೈಗಳೇ. ಸದ್ದು ಇಂಗುವುದಿಲ್ಲ, ಪುಟಿಯುತ್ತದೆ. ಒಬ್ಬರು ದನಿ ಏರಿಸಿದರೆ ಪಕ್ಕದ ಟೇಬಲ್‌ನವರೂ ಏರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಇಡೀ ಕೋಣೆ ಕಿರುಚುತ್ತಿರುತ್ತದೆ. ನಾನು ಸೀಲಿಂಗ್‌ನ ಪೈಪುಗಳ ನಡುವೆ ಸದ್ದು ಹೀರುವ ಹಲಗೆಗಳನ್ನು ಕಪ್ಪು ಬಟ್ಟೆ ಸುತ್ತಿ ಕೂರಿಸುತ್ತೇನೆ. ಕಣ್ಣಿಗೆ ಬೀಳುವುದೇ ಇಲ್ಲ. ಟೇಬಲ್ ಅಡಿಗೆ ದಪ್ಪ ಫೆಲ್ಟ್, ಅಂದರೆ ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ, ಅಂಟಿಸುತ್ತೇನೆ. ಸೋಫಾದ ಬೆನ್ನನ್ನು ಎತ್ತರ ಮಾಡಿ ಬಟ್ಟೆ ಹೊದಿಸುತ್ತೇನೆ. ಕಾಣದ ವಸ್ತುವಿಗೆ ಯಾಕೆ ಖರ್ಚು ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ದುಡ್ಡು ಉಳಿಸಲೇಬೇಕಾದರೆ ಅಲಂಕಾರದ ಗೋಡೆಯಲ್ಲಿ ಉಳಿಸಿ, ಇದರಲ್ಲಿ ಬೇಡ ಅನ್ನುತ್ತೇನೆ. ಮಾತು ಕೇಳಿಸದ ಕಡೆಗೆ ಜನ ಫೋಟೋ ತೆಗೆಯಲು ಒಮ್ಮೆ ಬರುತ್ತಾರೆ, ಅಷ್ಟೇ.

ನೆಲ ಜಾರಬಾರದು. ಗಿಡ ಇಟ್ಟರೆ ನೀರು ಹಾಕುವವರು ಯಾರು ಎಂದು ಮೊದಲೇ ತೀರ್ಮಾನವಾಗಬೇಕು. ಇವೆರಡರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ.

ತೆರೆಯುವ ಮುಂಚೆ ಒಂದು ಸಂಜೆ, ದೀಪ, ಸಂಗೀತ, ಎಸಿ ಎಲ್ಲ ಹಾಕಿಸಿ ಪ್ರತಿಯೊಂದು ಸೀಟಿನಲ್ಲೂ ಕೂರುತ್ತೇನೆ, ಮಾಲೀಕರನ್ನೂ ಕೂರಿಸುತ್ತೇನೆ. ಅಡುಗೆಮನೆ ಬಾಗಿಲಿನ ಎದುರು, ಟಾಯ್ಲೆಟ್ ದಾರಿಯಲ್ಲಿ, ಎಸಿ ಗಾಳಿ ನೇರ ಕತ್ತಿಗೆ ಬೀಳುವಲ್ಲಿ, ಹೀಗೆ ಕೆಲವು ಕೆಟ್ಟ ಜಾಗ ಇದ್ದೇ ಇರುತ್ತವೆ. ಕೆಲವಕ್ಕೆ ಕುರ್ಚಿಯ ದಿಕ್ಕು ತಿರುಗಿಸಿದರೆ ಸಾಕು. ಕೆಲವಕ್ಕೆ ಕಣ್ಣಿನ ಮಟ್ಟದ ಆ ಟೇಪ್‌ಗಿಂತ ಒಂದು ಗೇಣು ಎತ್ತರದ ಅಡ್ಡ ಪರದೆ ಬೇಕು. ಎರಡಕ್ಕೂ ಬಗ್ಗದಿದ್ದರೆ ಆ ಟೇಬಲ್ಲನ್ನೇ ತೆಗೆಸುತ್ತೇನೆ. ಸೀಟು ಕಡಿಮೆಯಾಯಿತು ಎಂದು ಮಾಲೀಕರು ಬೇಸರಪಡುತ್ತಾರೆ, ಆದರೆ ಆ ಕುರ್ಚಿಯಲ್ಲಿ ಹತ್ತು ನಿಮಿಷ ಕೂತ ಮೇಲೆ ಒಪ್ಪುತ್ತಾರೆ. ಖಾಲಿಯಾದ ಜಾಗದಲ್ಲಿ ತಟ್ಟೆ, ಚಮಚ, ನೀರಿನ ಜಗ್ ಇಡಲು ಕಪಾಟು ಮಾಡಿಸುತ್ತೇನೆ. ಬಡಿಸುವವರಿಗೆ ಅಂಥ ಕಪಾಟು ಎಷ್ಟಿದ್ದರೂ ಕಡಿಮೆಯೇ.